ನಾಲ್ಕು ಕೋರಿನ ಎರಡು ಡಬ್ಬಿ

ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಎಸ್ಸಿ. ಮುಗಿಸಿ ಚಿತ್ರದುರ್ಗಕ್ಕೆ ಮರಳಿದ ವರ್ಷ ನನ್ನ ವಿದ್ಯೆಗೆ ನೆಂಟರಿಷ್ಟರು ಒಪ್ಪಿಸಿದ ಮೊದಲ ಕೆಲಸ ಟೀವಿ ರಿಮೋಟಿನ ರಿಪೇರಿ. ಸೆಲ್ ಬದಲಿಸಿದ ಕೂಡಲೇ ಅದು ಸರಿಹೋಯಿತು. ಸರ್ಕಾರದ ಸ್ಕಾಲರ್‌ಶಿಪ್ ವ್ಯರ್ಥವಾಗಲಿಲ್ಲ ಎಂದು ಎಲ್ಲರಿಗೂ ಸಮಾಧಾನವಾಯಿತು. ಎರಡನೆಯ ಕೆಲಸ ಒಪ್ಪಿಸಿದವಳು ಅಕ್ಕ. ನಾಲ್ಕು ಕೋರಿನ ಎರಡು ಪ್ರೊಸೆಸರುಗಳನ್ನು ಹೋಲಿಸಿ, ಕೊಟ್ಟ ದುಡ್ಡಿಗೆ ಹೆಚ್ಚು ಕೆಲಸ ಮಾಡುವುದು ಯಾವುದೆಂದು ನಾನು ಹೇಳಬೇಕಿತ್ತು. ಹೇಳಬೇಕಾಗಿದ್ದುದು ಅಕ್ಕನಿಗಲ್ಲ, ಅಡಿಕೆ ವ್ಯಾಪಾರದ ಅವಳ ಮಾವನವರಿಗೆ. ನಾನು ಆಗ ಊರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕುರ್ಚಿ ಕೊಡದೆ, ನೀರು ಕೇಳದೆ, ಪಾಠ ಮುಗಿದ ಮೇಲೆ ಯಾಕಿನ್ನೂ ಇಲ್ಲಿದ್ದೀರಿ ಎಂದು ನೋಡುವಂಥ ಅತಿಥಿ. ಹೀಗಾಗಿ ಸಮಯವಿತ್ತು.

ಅಕ್ಕ ಚಿತ್ರದುರ್ಗದಲ್ಲಿ ಮದುವೆ ವಿಡಿಯೋಗಳ ಮಿಕ್ಸಿಂಗ್ ಸ್ಟುಡಿಯೋ ನಡೆಸುತ್ತಿದ್ದಳು. ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಕ್ಯಾಸೆಟ್ಟು ಹೋಗಿ ಡಿವಿಡಿ ಬಂದಿತ್ತು, ಆದರೂ ಎಲ್ಲರೂ ಅದನ್ನು ಸೀಡಿ ಎಂದೇ ಕರೆಯುತ್ತಿದ್ದರು. ದಿನಾ ಬೆಳಿಗ್ಗೆ ಭೀಮಸಮುದ್ರದ ಗಂಡನ ಮನೆಯಿಂದ ಬಸ್ಸಿನಲ್ಲಿ ಬಂದು, ಬಸ್ ನಿಲ್ದಾಣದ ಹಿಂದಿನ ಬೀದಿಯ ಆ ಮಹಡಿ ಕೋಣೆಯ ಬಾಗಿಲು ತೆಗೆದು, ಕಂಡವರ ಮದುವೆಗಳನ್ನು ಕತ್ತರಿಸಿ ಅಂಟಿಸುತ್ತಿದ್ದಳು. ಆ ಕೋಣೆ ಅವಳದು. ಅತ್ತೆಮನೆಯಲ್ಲಿ ಅವಳದೆನ್ನುವ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ, ಇಲ್ಲಿ ಇತ್ತು. ಇದನ್ನು ಅವಳು ಯಾರಿಗೂ ಹೇಳಿದವಳಲ್ಲ. ನನಗೂ ಹೇಳಿರಲಿಲ್ಲ. ಚಿಲಕಕ್ಕೆ ಅವಳು ಎಣ್ಣೆ ಬಿಡುವುದನ್ನು ನಾನು ನೋಡಿದ್ದೆ, ಅಷ್ಟೆ.

ತೊಂದರೆ ಬಂದದ್ದು ಆ ವರ್ಷದ ಮದುವೆ ಸುಗ್ಗಿಯಲ್ಲಿ. ಅಕ್ಕ ಮೂರು ದೊಡ್ಡ ಮದುವೆಗಳನ್ನು ಒಪ್ಪಿಕೊಂಡಿದ್ದಳು: ಹಿರಿಯೂರಿನದೊಂದು, ಹೊಸದುರ್ಗದ್ದೊಂದು, ಹೊಳಲ್ಕೆರೆಯದೊಂದು. ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಹೋಗುತ್ತಾಳಲ್ಲ, ಹೋಗುವಾಗ ಸೀಡಿ ಕೈಯಲ್ಲಿರಬೇಕು. ಆ ಒಂದು ತಿಂಗಳು ತವರಿನ ಹೆಂಗಸರು ಅದನ್ನು ಹಾಕಿಕೊಂಡು, ಯಾರು ಬಂದಿದ್ದರು, ಯಾರು ಮುಖ ಊದಿಸಿಕೊಂಡಿದ್ದರು, ಯಾರು ಹೋದ ಮದುವೆಯ ಸೀರೆಯನ್ನೇ ಉಟ್ಟು ಬಂದಿದ್ದರು ಎಂದು ಅಧ್ಯಯನ ನಡೆಸುತ್ತಾರೆ. ಸಂಶೋಧನೆ ಎಂದರೆ ಅದು. ಆಷಾಢ ಕಳೆದ ಮೇಲೆ ಬಂದ ಸೀಡಿಗೂ ಊಟವಾದ ಮೇಲೆ ಬಂದ ಉಪ್ಪಿನಕಾಯಿಗೂ ವ್ಯತ್ಯಾಸವಿಲ್ಲ.

ಅಕ್ಕನ ಹಳೆಯ ಕಂಪ್ಯೂಟರಿಗೆ ಇದ್ದದ್ದು ಒಂದೇ ಕೋರು. ಕೋರೆಂದರೆ ಪ್ರೊಸೆಸರಿನೊಳಗೆ ಕೂತು ಲೆಕ್ಕ ಮಾಡುವ ಆಳು ಎಂದುಕೊಳ್ಳಿ. ಒಬ್ಬನೇ ಆಳು ಒಂದು ಮದುವೆಯನ್ನು ಬೇಯಿಸಿ ಸೀಡಿಯ ಹದಕ್ಕೆ ತರಲು ಬೆಳಗಿನಿಂದ ಸಂಜೆಯವರೆಗೆ ಒದ್ದಾಡುತ್ತಿದ್ದ. ನಡುವೆ ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಹೋದರೆ ಮತ್ತೆ ಮೊದಲಿನಿಂದ. ಬೇಸಿಗೆಯ ಲೋಡ್ ಶೆಡ್ಡಿಂಗಿನಲ್ಲಿ ಹಿರಿಯೂರಿನ ಮದುಮಗಳು ಎಷ್ಟೋ ಸಲ ಧಾರೆಮಂಟಪದವರೆಗೆ ಬಂದು ಹಾಗೇ ಮಾಯವಾದಳು.

ಕಾದು ಸಾಕಾದ ಮದುವೆ ಮನೆಯವರು ಸ್ಟುಡಿಯೋ ಮಹಡಿ ಹತ್ತುವುದು ಬಿಟ್ಟು ನೇರ ಭೀಮಸಮುದ್ರದ ಅಡಿಕೆ ಮಂಡಿಗೆ ಹೋಗತೊಡಗಿದರು. ಗಂಡಸಿನ ಹತ್ತಿರ ದೂರು ಕೊಟ್ಟರೆ ಬೇಗ ಕೆಲಸವಾಗುತ್ತದೆ ಎಂಬ ವೈಜ್ಞಾನಿಕ ನಂಬಿಕೆ. ಅಡಿಕೆ ಮೂಟೆಗಳ ನಡುವೆ ನಿಂತು "ನಮ್ ಸೀಡಿ ಎಲ್ರಿ?" ಎಂದು ಕೇಳುವವರನ್ನು ಸಹಿಸಿ ಸಹಿಸಿ, ಒಂದು ದಿನ ಮಾವನವರು ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದರು. ನಾನೂ ಅಲ್ಲಿದ್ದೆ.

"ಏನವ್ವ, ಮಂಡಿಗೆ ಅಡಿಕೆ ಕೇಳಾಕೆ ಬರೋರಿಗಿಂತ ಸೀಡಿ ಕೇಳಾಕೆ ಬರೋರೇ ಜಾಸ್ತಿ ಆಗ್ಯಾರೆ. ನಾನು ಅಡಿಕೆ ಮಾರ್ಲೋ, ನಿನ್ ಸೀಡಿಗೆ ಉತ್ರ ಹೇಳ್ಲೋ?"

"ಮಿಷನ್ನು ಹಳೇದಾಗೈತೆ ಮಾವ," ಎಂದಳು ಅಕ್ಕ.

"ಹಳೇದಾದ್ರೆ ಹೊಸದು ತರಾಣ. ನಾನೇ ಕೊಡಿಸ್ತೀನಿ. ಆಷಾಢದೊಳಗೆ ಮೂರೂ ಮದ್ವೆ ಕೊಟ್ಯೋ, ಅಂಗ್ಡಿ ನಿಂದು. ಇಲ್ಲಾಂದ್ರೆ ಬಾಗ್ಲು ಹಾಕಿ ಬೀಗದ ಕೈ ತಂದು ನನಗೆ ಕೊಡು. ನಮ್ಮನೇಗೇನು ಕೆಲ್ಸಿಲ್ವಾ?"

ಕೆಲಸವಿತ್ತು. ಅದೇ ಅಕ್ಕನ ಭಯ. ಭಾವ ಅಲ್ಲೇ ಬಾಗಿಲಲ್ಲಿ ನಿಂತು, ಅಪ್ಪ ಹೇಳಿದ್ದೂ ಸರಿ, ಹೆಂಡತಿ ಹೇಳಿದ್ದೂ ಸರಿ ಎಂಬಂತೆ ಕೆಳಗಿನ ಬೀದಿಯನ್ನು ನೋಡುತ್ತಿದ್ದರು. ಆ ಬೀದಿಯಲ್ಲಿ ಅವರಿಗೆ ಯಾವಾಗಲೂ ಏನೋ ಕಾಣುತ್ತಿತ್ತು.

ಊರಿನ ಕಂಪ್ಯೂಟರ್ ಅಂಗಡಿಯವನು ಎರಡು ಡಬ್ಬಿಗಳ ಹೆಸರು ಹೇಳಿದ. ಒಂದು ನೀಲಿ ಡಬ್ಬಿಯ ಕಂಪನಿ, ಇನ್ನೊಂದು ಹಸಿರು ಡಬ್ಬಿಯದು. ಎರಡರಲ್ಲೂ ನಾಲ್ಕು ನಾಲ್ಕು ಕೋರು. ನೀಲಿಯದು ವೇಗ ಹೆಚ್ಚು, ಬೆಲೆಯೂ ಬಿಗುಮಾನವೂ ಹೆಚ್ಚು. ಹಸಿರಿನದು ಸ್ವಲ್ಪ ನಿಧಾನ, ಸ್ವಲ್ಪ ಹೆಚ್ಚು ಕರೆಂಟು ಕುಡಿಯುತ್ತಿತ್ತು, ಆದರೆ ಬೆಲೆ ಎಷ್ಟೋ ಕಡಿಮೆ. ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಇಂಟರ್‌ನೆಟ್ ಸೆಂಟರಿನಲ್ಲಿ ಕೂತು, ಯಾವುದೋ ದೇಶದ ಹುಡುಗರು ಈ ಎರಡು ಪ್ರೊಸೆಸರುಗಳ ವಿಚಾರವಾಗಿ ಒಬ್ಬರನ್ನೊಬ್ಬರು ಬೈದುಕೊಂಡದ್ದನ್ನು ಪುಟಗಟ್ಟಲೆ ಓದಿದೆ. ಆಸ್ತಿ ಭಾಗದಲ್ಲೂ ಅಣ್ಣತಮ್ಮಂದಿರು ಅಷ್ಟು ಬೈದಾಡಿದ್ದನ್ನು ನಾನು ಕೇಳಿಲ್ಲ. ಅವರ ಪರೀಕ್ಷೆಗಳು ಯಾವುವೂ ನಮಗೆ ಹೊಂದುತ್ತಿರಲಿಲ್ಲ. ಮಧ್ಯಾಹ್ನ ಕರೆಂಟು ಹೋಗುವುದರೊಳಗೆ ಮದುವೆ ಮುಗಿಯುತ್ತದೆಯೇ ಎಂಬ ಮಾನದಂಡವನ್ನು ಆ ದೇಶಗಳಲ್ಲಿ ಇನ್ನೂ ಕಂಡುಹಿಡಿದಿರಲಿಲ್ಲ.

ನನ್ನ ಸಲಹೆ ಸರಳವಾಗಿತ್ತು. ಹಸಿರು ಡಬ್ಬಿ ಕೊಳ್ಳುವುದು, ಉಳಿದ ದುಡ್ಡಿಗೆ ಒಂದು ಇನ್‌ವರ್ಟರ್ ಹಾಕಿಸುವುದು. ಕರೆಂಟೇ ಇಲ್ಲದಿದ್ದರೆ ನಾಲ್ಕು ಕೋರಾದರೇನು, ನಲವತ್ತಾದರೇನು. ಇದನ್ನು ನಾನು ಮಾವನವರಿಗೆ ಸಾಧ್ಯವಾದಷ್ಟು ಕಡಿಮೆ ಮಾತಿನಲ್ಲಿ ಹೇಳಿದೆ. ಅವರು ಕೇಳಿಸಿಕೊಂಡರು. ಆಮೇಲೆ ಅಂಗಡಿಯವನ ಕಡೆ ತಿರುಗಿ, "ನೀನೇನಂತೀಯಪ್ಪ?" ಎಂದರು.

"ಯಜಮಾನ್ರೇ, ನೀಲಿ ಕುದ್ರೆ. ಹಸಿರು ಎತ್ತು. ಕುದ್ರೆ ಬೇಕೋ ಎತ್ತು ಬೇಕೋ ನೀವೇ ಹೇಳ್ರಿ."

"ಲೇ, ಎತ್ತಿಂದೇನು ತಪ್ಪಾಗೈತೆ ನಿಂಗೆ? ನಿಮ್ಮಪ್ಪ ಕುದ್ರೆ ಕಟ್ಟಿ ಹೊಲ ಹೂಡಿದ್ನಾ?"

"ಅಂಗಲ್ರಿ..."

"ಹೆಂಗೂ ಬ್ಯಾಡ. ಎರಡೂ ತಂದು ಇಲ್ಲೇ ಕೂಡ್ಸು. ಓಡ್ಸಿ ನೋಡಾಣ. ಮಾಲು ನೋಡ್ದೆ ರೇಟು ಕಟ್ಟಿದೋನಲ್ಲ ನಾನು."

ಪರೀಕ್ಷೆಯ ನಿಯಮಗಳನ್ನು ಮಾಡಲು ನನಗೇ ಬಿಟ್ಟರು, ಆ ಒಂದು ವಿಷಯದಲ್ಲಿ ಯಾರಿಗೂ ಆಸಕ್ತಿ ಇರಲಿಲ್ಲವಾದ್ದರಿಂದ. ಹೊಸದುರ್ಗದ ಮದುವೆಯ ಧಾರೆಯ ಭಾಗವನ್ನು ಆರಿಸಿದೆ. ಮೂರರಲ್ಲಿ ಅದೇ ಭಾರದ್ದು. ಹಿರಿಯೂರಿನವರು ಮದುಮಗಳು ಪಕ್ಕದೂರು ಆದಿವಾಲದಲ್ಲಿ ಕಾರು ಹತ್ತಿದಲ್ಲಿಂದ ಶುರುಮಾಡಿ ಎಲ್ಲವನ್ನೂ ಸ್ಲೋ ಮೋಷನ್‌ನಲ್ಲಿ ಕೇಳಿದ್ದರು. ಮದುವೆ ನಡೆದದ್ದಕ್ಕಿಂತ ಹೆಚ್ಚು ಹೊತ್ತು ನೋಡುವ ಆಸೆ. ಹೊಸದುರ್ಗದವರು ಅದನ್ನೂ ಮೀರಿದ್ದರು. ಅವರಿಗೆ ವಧು ಅರಳುವ ಗುಲಾಬಿಯೊಳಗಿಂದ ಎದ್ದು ಬರಬೇಕಿತ್ತು, ವರ ಹಂಸದ ಮೇಲೆ ಕೂತು ಹಿಮದ ಬೆಟ್ಟಗಳನ್ನು ದಾಟಿ ಬರಬೇಕಿತ್ತು. ವರನಿಗೆ ಗೊಬ್ಬರದ ಅಂಗಡಿ. ಹಂಸಕ್ಕೆ ಅವನ ತೂಕವನ್ನು ಹೊರಿಸುವುದಕ್ಕೆ ಕೋರುಗಳು ಬೇಕೇ ಬೇಕಿತ್ತು. ಎರಡೂ ಯಂತ್ರಕ್ಕೆ ಒಂದೇ ಭಾಗ, ಒಂದೇ ಸಾಫ್ಟ್‌ವೇರ್, ಒಂದೇ ಅಳತೆಯ ಮೆಮೊರಿ, ಒಟ್ಟಿಗೇ ಆರಂಭ. ಗಡುವು, ಮಧ್ಯಾಹ್ನ ಕರೆಂಟು ಹೋಗುವವರೆಗೆ.

ಪರೀಕ್ಷೆಯ ದಿನ ಭಾನುವಾರ. ನಾನು ಹೋಗುವಷ್ಟರಲ್ಲಿ ಅಂಗಡಿಯವನು ಎರಡನ್ನೂ ಜೋಡಿಸಿ, ಮೇಜಿನ ಮೇಲೆ ಅಕ್ಕಪಕ್ಕ ಕೂರಿಸಿದ್ದ. ಮಾವನವರು ನನಗಿಂತ ಮೊದಲೇ ಬಂದು ಹೆಗಲಿನ ಟವೆಲ್ಲನ್ನು ಕುರ್ಚಿಯ ಬೆನ್ನಿಗೆ ಹಾಕಿ ಕೂತಿದ್ದರು. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ," ಎಂದು ನನ್ನನ್ನು ಸ್ವಾಗತಿಸಿದರು. ಅತಿಥಿಗೆ ಕುರ್ಚಿ ಸಿಕ್ಕಿತು. ಅಕ್ಕ ಎರಡು ಕೈಯಿಂದ ಎರಡು ಮೌಸ್ ಹಿಡಿದು ಒಟ್ಟಿಗೇ ಒತ್ತಿದಳು.

ಸ್ವಲ್ಪ ಹೊತ್ತು ಎರಡೂ ಚೆನ್ನಾಗಿಯೇ ಓಡಿದವು. ನಾಲ್ಕರಲ್ಲಿ ಎರಡು ಕೋರುಗಳಷ್ಟೇ ಮೈಮುರಿದು ದುಡಿಯುತ್ತಿದ್ದವು. ಉಳಿದೆರಡು ಗಂಡಿನ ಕಡೆಯ ನೆಂಟರ ಹಾಗೆ ಕಾಲು ಚಾಚಿ ಕೂತಿದ್ದವು. ಆ ಸಾಫ್ಟ್‌ವೇರಿಗೆ ನಾಲ್ವರಿಗೆ ಕೆಲಸ ಹಂಚಲು ಇನ್ನೂ ಬರುತ್ತಿರಲಿಲ್ಲ. ಇದನ್ನು ಮಾವನವರಿಗೆ ತಿಳಿಸುವುದು ಬೇಡವೆಂದು ಸುಮ್ಮನಾದೆ. ಆಮೇಲೆ ಇದ್ದಕ್ಕಿದ್ದಂತೆ ಹಸಿರು ಡಬ್ಬಿಯ ಯಂತ್ರ ಆರಿಹೋಯಿತು. ಗುಲಾಬಿ ಅರ್ಧ ಅರಳಿತ್ತು.

"ಕರೆಂಟ್ ಹೋತಾ?" ಎಂದರು ಮಾವನವರು. ಪಕ್ಕದ ನೀಲಿ ಓಡುತ್ತಲೇ ಇತ್ತು.

ಎರಡನ್ನೂ ನಿಲ್ಲಿಸಿ ಮತ್ತೆ ಹೊರಡಿಸಿದೆವು. ಈ ಸಲ ಹಸಿರು ಇನ್ನೂ ಬೇಗ, ಗುಲಾಬಿ ಮೊಗ್ಗಾಗಿರುವಾಗಲೇ ಆರಿತು. ಅಂಗಡಿಯವನ ಮುಖ ಅರಳಿತು.

"ನಾನ್ ಹೇಳ್ಲಿಲ್ವಾ ಯಜಮಾನ್ರೇ? ಸಸ್ತಾ ಅಂದ್ರೆ ಸಸ್ತಾನೇ."

ನನ್ನ ಸಲಹೆಯ ಮರ್ಯಾದೆ ಹೋಗಿದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ. ಆದರೆ ಪುಸ್ತಕದಲ್ಲಿರುವ ಯಾವ ಲೆಕ್ಕವೂ ಇದಕ್ಕೆ ಹೊಂದುತ್ತಿರಲಿಲ್ಲ. ನಿಧಾನ ಬೇರೆ, ಸಾಯುವುದು ಬೇರೆ. ಯಂತ್ರದ ಮುಚ್ಚಳ ತೆಗೆದು ಪ್ರೊಸೆಸರಿನ ಪಕ್ಕದಲ್ಲಿ ಬೆರಳಿಟ್ಟೆ, ತಕ್ಷಣ ತೆಗೆದೆ. ಬೆಂಕಿ. ಅದರ ಮೇಲೆ ಕೂತಿದ್ದ ಅಲ್ಯೂಮಿನಿಯಮ್ ಗಟ್ಟಿ, ಬಿಸಿ ಹೀರಬೇಕಾದದ್ದು, ತಣ್ಣಗಿತ್ತು. ಅಂಗಡಿಯವನಿಗೆ ಫ್ಯಾನನ್ನೂ ಗಟ್ಟಿಯನ್ನೂ ಬಿಚ್ಚಲು ಹೇಳಿದೆ. ಕೆಳಗಿದ್ದ ಪ್ರೊಸೆಸರಿನ ಮೈ ಥಳಥಳ ಹೊಳೆಯುತ್ತಿತ್ತು. ಬಾಗಿ ನೋಡಿದರೆ ನನ್ನ ಕನ್ನಡಕ ಕಂಡಿತು.

"ಇದರ ಮೇಲಿದ್ದ ಪೇಸ್ಟ್ ಎಲ್ಲಿ?" ಎಂದೆ.

"ಹಾಕಿದ್ದೆ ಮೇಡಂ! ಬೆಳಿಗ್ಗೆ ನನ್ ಕೈಯಾರೆ ಹಾಕಿದ್ದೆ."

"ಹೊಳೀತೈತಲ್ಲ?" ಎಂದರು ಮಾವನವರು, ಸಂತೋಷದಿಂದ. "ನಾನೇ ಒರ್ಸಿದ್ದು."

ಅಂಗಡಿಯವನ ಕಡೆ ಬೆರಳು ತೋರಿಸಿ ಅವರೇ ಮುಂದುವರಿಸಿದರು.

"ಈವಯ್ಯ ಚಾ ಹೇಳಾಕೆ ಕೆಳಗೆ ಹೋದ. ನೋಡ್ತೀನಿ, ಮಾಲಿನ ಮೇಲೆಲ್ಲ ಬೂದಿ ಬಣ್ಣದ್ದು ಏನೋ ಮೆತ್ಯಾರೆ. ಹಳೇ ಮಾಲಿಗೆ ಬಣ್ಣ ಹೊಡ್ದು ಹೊಸದು ಅಂತ ದಾಟ್ಸೋದು ನಮ್ ಲೈನಾಗೂ ಐತವ್ವ. ಟವೆಲ್ ಒದ್ದೆ ಮಾಡಿ ಒಂದ್ಸಲ ತಿಕ್ಕಿದ್ರೆ ಅಡಿಕೆ ನಿಜ ಹೇಳ್ತೈತೆ. ಇದಕ್ಕೂ ತಿಕ್ಕಿದೆ. ಮೇಲಿನ ಗಟ್ಟಿಗೂ ತಿಕ್ಕಿದೆ. ಬಂತು ನೋಡು ಎಲ್ಲಾ!" ಎಂದು ಕುರ್ಚಿಯ ಬೆನ್ನಿನ ಟವೆಲ್ಲನ್ನು ಬಿಡಿಸಿ ತೋರಿಸಿದರು. ಅದರ ಒಂದು ಮೂಲೆ ಬೂದು ಬಣ್ಣವಾಗಿತ್ತು.

ಅಂಗಡಿಯವನು ಚಹಾ ಹೇಳಿ ಬಂದು, ಕೆಳಗೆ ನೋಡದೆ ಬಾಯಿ ಓಡಿಸುತ್ತ ಫ್ಯಾನು ಕೂರಿಸಿಬಿಟ್ಟಿದ್ದ. ನೀಲಿ ಡಬ್ಬಿಯನ್ನು ಆಮೇಲೆ ಒಡೆದಿದ್ದರಿಂದ ಅದು ಟವೆಲ್ಲಿಗೆ ಸಿಕ್ಕಿರಲಿಲ್ಲ. ನಾನು ವಿವರಿಸಿದೆ. ಆ ಪೇಸ್ಟ್ ಬಣ್ಣವಲ್ಲ, ಪ್ರೊಸೆಸರಿನ ಬಿಸಿಯನ್ನು ಮೇಲಿನ ಗಟ್ಟಿಗೆ ದಾಟಿಸುವ ವಸ್ತು. ಅದಿಲ್ಲದಿದ್ದರೆ ಬಿಸಿ ಒಳಗೇ ಉಳಿದು, ಸುಟ್ಟುಹೋಗಬಾರದೆಂದು ಯಂತ್ರ ತಾನೇ ಆರಿಕೊಳ್ಳುತ್ತದೆ. ಮಾವನವರು ಗಮನವಿಟ್ಟು ಕೇಳಿದರು.

"ಅಂಗಾರೆ ಆ ನೀಲಿದಕ್ಕೆ ಪೇಸ್ಟ್ ಐತಾ?"

"ಇದೆ."

"ಅದಕ್ಕೈತೆ, ಇದಕ್ಕಿಲ್ಲ. ಇದ್ಯಾವ ಸೀಮೆ ಪರೀಕ್ಷೆ? ಒಂದೆತ್ತಿಗೆ ಹುಲ್ಲು ಹಾಕಿ ಇನ್ನೊಂದನ್ನ ಉಪವಾಸ ಕೆಡವಿ ಓಡ್ಸಿದಂಗಾತು. ನ್ಯಾಯ ಅಂದ್ರೆ ಎರಡಕ್ಕೂ ಒಂದೇ."

ನನಗೆ ಗೌರವ ಹುಟ್ಟಿತು. ನಮ್ಮ ವಿಭಾಗದ ಪ್ರಾಧ್ಯಾಪಕರೊಬ್ಬರು ಒಂದು ಸೆಮಿಸ್ಟರ್ ಪೂರ್ತಿ ಪಾಠ ಮಾಡಿಯೂ ನಮ್ಮ ತಲೆಗೆ ಹೋಗದಿದ್ದ ತತ್ವ ಇದೇ. "ಹೌದು ಮಾವ," ಎಂದೆ. "ಹಸಿರಿನದಕ್ಕೂ ಪೇಸ್ಟ್ ಹಾಕಿದರೆ..."

"ಹಾಕೋದ್ಯಾಕೆ? ನೀಲಿದನ್ನೂ ಒರ್ಸು."

ಅಂಗಡಿಯವನು ಹೌಹಾರಿದ. "ಬ್ಯಾಡ್ರೀ ಯಜಮಾನ್ರೇ! ದುಬಾರಿ ಮಾಲು!"

"ಓಹೋ. ಹಸಿರು ಆರ್ದಾಗ ನಗ್ತಿದ್ದಿ. ನೀಲಿ ಅಂದ ಕೂಡ್ಲೆ ಎದೆ ಡವಡವ ಅಂತೈತಾ? ಅದ್ರಾಗೇನು ಮುಚ್ಚಿಟ್ಟೀಯ?" ಎಂದು ಟವೆಲ್ಲಿನ ಇನ್ನೊಂದು ಮೂಲೆಯನ್ನು ಚಹಾದ ಲೋಟದ ಪಕ್ಕದ ನೀರಿನಲ್ಲಿ ಅದ್ದಿದರು. ಅವರನ್ನು ತಡೆಯುವ ಶಕ್ತಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಭಾವ ಬೀದಿ ನೋಡುತ್ತಿದ್ದರು.

ಹೀಗೆ ಪ್ರಪಂಚದಲ್ಲಿ ಯಾವ ಪ್ರಯೋಗಶಾಲೆಯೂ ಮಾಡಿರಲಾರದ ಹೋಲಿಕೆ ಚಿತ್ರದುರ್ಗದ ಮಹಡಿ ಕೋಣೆಯೊಂದರಲ್ಲಿ ನಡೆಯಿತು. ಎರಡೂ ಪ್ರೊಸೆಸರುಗಳು ಬೆತ್ತಲೆ, ಎರಡಕ್ಕೂ ಸಮಾನ ಅನ್ಯಾಯ. ಹಸಿರು ಎಂದಿನಂತೆ ಆರಿತು. ನೀಲಿಯ ಸ್ವಭಾವ ಬೇರೆ. ಬಿಸಿ ಏರಿದ ಕೂಡಲೇ ಅದು ಸತ್ತುಹೋಗಲಿಲ್ಲ, ಕೆಲಸ ನಿಲ್ಲಿಸಿದೆನೆಂದು ಹೇಳಲೂ ಇಲ್ಲ. ಸುಮ್ಮನೆ ವೇಗ ಇಳಿಸಿಕೊಂಡಿತು. ಪರದೆಯ ಮೇಲಿನ ಪಟ್ಟಿ ಮುಂದೆ ಹೋಗುತ್ತಿದೆಯೋ ಇಲ್ಲವೋ ಎಂದು ಹೇಳಲಾಗದಷ್ಟು ಮಾತ್ರ ಹೋಗುತ್ತಿತ್ತು. ಕುರ್ಚಿಗೆ ಕೋಟು ತಗುಲಿಹಾಕಿ ಕ್ಯಾಂಟೀನಿಗೆ ಹೋಗುವ ಕಚೇರಿ ಸಿಬ್ಬಂದಿಯನ್ನು ನೋಡಿದವರಿಗೆ ಇದು ಹೊಸದಲ್ಲ.

"ನಿಧಾನ ಆದ್ರೂ ನಿಂತಿಲ್ಲ," ಎಂದು ಮಾವನವರು ಮೆಚ್ಚಿದರು.

ಅಷ್ಟರಲ್ಲಿ ಕರೆಂಟು ಹೋಯಿತು. ಹಂಸ ಹಿಮದ ಬೆಟ್ಟವನ್ನು ದಾಟಿರಲಿಲ್ಲ.

ಮಾವನವರು ಎದ್ದು ಟವೆಲ್ ಕೊಡವಿದರು. "ಎರಡೂ ವೇಸ್ಟು. ಒಂದೂ ಟೈಮಿಗೆ ಮುಗಿಸ್ಲಿಲ್ಲ. ತಗೊಂಡು ಹೋಗಪ್ಪ ಎರಡೂನೂ." ಆಮೇಲೆ ಅಕ್ಕನ ಕಡೆ ನೋಡಿ, ಸ್ವಲ್ಪ ಮೆತ್ತಗೆ, "ಆಗಲ್ಲ ಬಿಡವ್ವ ಇದು. ಮಿಷನ್ನೇ ಮಾಡಾಕಾಗ್ದಿದ್ದನ್ನ ನೀನೇನ್ ಮಾಡೀಯ? ಆ ಮದ್ವೆ ಮನೆಯೋರಿಗೆ ನಾನು ಹೇಳ್ಕಂತೀನಿ," ಎಂದರು.

ಅಕ್ಕ ಮೇಜಿನ ಮೇಲಿದ್ದ ಬೀಗವನ್ನು ಎತ್ತಿಕೊಂಡು ಅದನ್ನೇ ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು. ಮೂರು ಮದುವೆಗಳು ಆ ಕೋಣೆಯಲ್ಲೇ ಇದ್ದವು. ಆಷಾಢ ದೂರವಿರಲಿಲ್ಲ. ಹಳೆಯ ಯಂತ್ರದಲ್ಲಿ ಅವು ಮುಗಿಯುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಗ ಅಂಗಡಿಯವನು ಗಂಟಲು ಸರಿಮಾಡಿಕೊಂಡ. "ಯಜಮಾನ್ರೇ, ಇವು ವಾಪಸ್ ಆಗಲ್ರಿ."

"ಯಾಕಾಗಲ್ಲ?"

"ಒರ್ಸಿಬಿಟ್ಟೀರಲ್ರೀ. ಒರ್ಸಿದ ಮಾಲು ಕಂಪನಿಯೋರು ತಗಳಲ್ಲ."

ಮಾವನವರು ನನ್ನ ಕಡೆ ತಿರುಗಿದರು. "ನೀನು ಓದ್ದಾಕಿ. ಸುಳ್ಳು ಹೇಳ್ಬ್ಯಾಡ. ಇದು ವಾಪಸ್ ಹೋಗೋ ಮಾಲೋ, ಅಲ್ಲೋ?"

ಹೆಸರುಕಾಳಿನಷ್ಟು ಪೇಸ್ಟ್ ಹಚ್ಚಿದರೆ ಎರಡೂ ಪ್ರೊಸೆಸರು ಹೊಸದರಂತಾಗುತ್ತವೆಂದು ನನಗೆ ಗೊತ್ತಿತ್ತು. ಅಂಗಡಿಯವನಿಗೂ ಗೊತ್ತಿತ್ತು. ಅದರ ಟ್ಯೂಬು ಅವನ ಅಂಗಿಯ ಜೇಬಿನಲ್ಲೇ ಇತ್ತು, ತುದಿ ಕಾಣುತ್ತಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಿತಭಾಷಿ ಎಂದು ಎಲ್ಲರೂ ನನ್ನನ್ನು ದೂರುತ್ತಿದ್ದ ಗುಣ ಅವತ್ತಿನಷ್ಟು ಉಪಯೋಗಕ್ಕೆ ಬಂದದ್ದಿಲ್ಲ.

"ನಿಮ್ಮ ಮಂಡಿಯಲ್ಲಿ ಹೇಗೆ ಮಾವ?" ಎಂದೆ. "ಒದ್ದೆ ಬಟ್ಟೆಯಲ್ಲಿ ತಿಕ್ಕಿ ನೋಡಿದ ಮೂಟೆಯನ್ನು ಏನು ಮಾಡುತ್ತೀರಿ?"

"ತಿಕ್ಕಿದ ಮೂಟೆ ತಿಕ್ಕಿದೋನ್ದು," ಎಂದರು ಅವರು. ಬಾಯಿಗೆ ಅಷ್ಟು ರೂಢಿಯಾದ ಮಾತು. ಮುಗಿಸಿದ ಮೇಲೆಯೇ ಅದು ಅವರ ಕಿವಿಗೆ ಬಿದ್ದದ್ದು.

ಕೋಣೆಯಲ್ಲಿ ಫ್ಯಾನಿಲ್ಲದ ಮಧ್ಯಾಹ್ನದ ಸೆಕೆ. ಅವರು ಮೊದಲು ಟವೆಲ್ಲಿನ ಒಂದು ಮೂಲೆ ನೋಡಿದರು, ಆಮೇಲೆ ಇನ್ನೊಂದು ಮೂಲೆ. ಭೀಮಸಮುದ್ರದ ವ್ಯಾಪಾರಿಗಳಲ್ಲಿ ಮಾತು ತಪ್ಪಿದವನನ್ನು ಮರೆಯುವ ಪದ್ಧತಿಯಿಲ್ಲ, ಅಂಗಡಿಯವನಂತೂ ಊರೆಲ್ಲ ಸುತ್ತುವ ಬಾಯಿ. "ಆತು," ಎಂದರು ಕೊನೆಗೆ. "ಎರಡೂ ಇರ್ಲಿ. ಏನ್ ಮಾಡ್ತೀಯೋ ಮಾಡವ್ವ. ಗಡುವು ಮಾತ್ರ ಅದೇ." ಅವರು ಮೆಟ್ಟಿಲಿಳಿದು ಬೀದಿ ಮುಟ್ಟುವಷ್ಟರಲ್ಲಿ ಅಂಗಡಿಯವನು ಟ್ಯೂಬಿನ ಮುಚ್ಚಳ ತೆಗೆದಿದ್ದ.

ಮರುದಿನ, ಪೇಸ್ಟ್ ಹಚ್ಚಿದ ಮೇಲೆ, ನಿಜವಾದ ಹೋಲಿಕೆ ಯಾರೂ ನೋಡುವವರಿಲ್ಲದೆ ನಡೆಯಿತು. ನೀಲಿ ಮೊದಲು ಮುಗಿಸಿತು. ಅಕ್ಕ ಕೆಳಗೆ ಹೋಗಿ ಒಂದು ಚಹಾ ಕುಡಿದು ಮೇಲೆ ಬರುವಷ್ಟರಲ್ಲಿ ಹಸಿರೂ ಮುಗಿಸಿತು. ಎರಡೂ ಕರೆಂಟು ಹೋಗುವುದಕ್ಕೆ ಸಾಕಷ್ಟು ಮೊದಲೇ. ಬೇರೆ ದೇಶದ ಹುಡುಗರು ಪುಟಗಟ್ಟಲೆ ಬೈದಾಡಿದ ವ್ಯತ್ಯಾಸ ನಮ್ಮೂರಿನ ಲೆಕ್ಕದಲ್ಲಿ ಒಂದು ಲೋಟ ಚಹಾ. ನನ್ನ ಇನ್‌ವರ್ಟರಂತೂ ಬರಲಿಲ್ಲ. ಕೊಟ್ಟ ದುಡ್ಡಿಗೆ ತಕ್ಕ ಮಾಲು ಎಂಬ ನನ್ನ ಲೆಕ್ಕದ ಪ್ರಕಾರ ಇದಕ್ಕಿಂತ ಕೆಟ್ಟ ಖರೀದಿ ಸಾಧ್ಯವಿರಲಿಲ್ಲ.

ಅಕ್ಕ ಆ ಲೆಕ್ಕ ಕೇಳಲಿಲ್ಲ. ಒಂದರಲ್ಲಿ ಹಿರಿಯೂರನ್ನೂ ಇನ್ನೊಂದರಲ್ಲಿ ಹೊಸದುರ್ಗವನ್ನೂ ಇಟ್ಟು, ಯಾವುದು ಮೊದಲು ಬಿಡುವಾಯಿತೋ ಅದಕ್ಕೆ ಹೊಳಲ್ಕೆರೆಯನ್ನು ಹತ್ತಿಸಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೆಲಸ ಮಾಡಿದಳು. ನಾನು ಹೋದರೂ ಯಾರೆಂದು ಕೇಳಿಯೇ ತೆಗೆಯುತ್ತಿದ್ದಳು. ಮೂವರು ಮದುವಣಗಿತ್ತಿಯರೂ ಸೀಡಿ ಹಿಡಿದೇ ತವರಿಗೆ ಹೋದರು. ಹೊಳಲ್ಕೆರೆಯವರು ಅದರಲ್ಲಿ ತಮ್ಮ ಸೋದರಮಾವ ಸಾಕಷ್ಟು ಕಾಣುವುದಿಲ್ಲವೆಂದು ಜಗಳ ತೆಗೆದರು. ಸೀಡಿ ತಲುಪಿದ್ದಕ್ಕೆ ಅದಕ್ಕಿಂತ ಒಳ್ಳೆಯ ರಶೀದಿ ಇಲ್ಲ.

ಆಷಾಢದ ನಡುವೆ ಏನೋ ಕೆಲಸಕ್ಕೆ ನಾನೂ ಅಕ್ಕನೂ ಮಂಡಿಗೆ ಹೋಗಿದ್ದೆವು. ಹಿರೇಗುಂಟನೂರಿನ ಕಡೆಯ ಒಬ್ಬರು ಮಾವನವರ ಮುಂದೆ ಕೂತಿದ್ದರು. ಶ್ರಾವಣದಲ್ಲಿ ಮಗಳ ಮದುವೆಯಂತೆ. ಸೀಡಿ ತಡವಾಗುವುದಿಲ್ಲ ತಾನೇ ಎಂದು ವಿಚಾರಿಸುತ್ತಿದ್ದರು.

"ತಡ ಎಲ್ಲಿಂದ ಬರ್ಬೇಕು?" ಎಂದರು ಮಾವನವರು. "ಒಂದ್ರಾಗೆ ನಾಲ್ಕು ಕೋರು, ಇನ್ನೊಂದ್ರಾಗೆ ನಾಲ್ಕು. ಒಟ್ಟು ಎಂಟು ಕೋರಿನ ಮಿಷನ್ನು ಐತೆ ನಮ್ ಸೊಸೇತಾವ. ಬೆಂಗ್ಳೂರಾಗೂ ಇಲ್ಲ, ಬೇಕಾದ್ರೆ ಕೇಳ್ನೋಡು."

ಬೆಂಗಳೂರಿನಲ್ಲಿ ಇರಲಿಲ್ಲ ಎಂಬುದೇನೋ ನಿಜ. ಎರಡು ಬೇರೆ ಬೇರೆ ಯಂತ್ರಗಳ ಕೋರುಗಳನ್ನು ಹಾಗೆ ಕೂಡಿಸಲು ಬರುವುದಿಲ್ಲವೆಂದು ನಾನು ಹೇಳಲಿಲ್ಲ.

"ನಿಮ್ ಸೊಸೆ ಅಂಗ್ಡಿ ಮುಚ್ತಾಳೆ ಅಂತ ಯಾರೋ ಅಂತಿದ್ರು," ಎಂದರು ಹಿರೇಗುಂಟನೂರಿನವರು.

"ಯಾವನಲೇ ಅಂದೋನು? ಎಂಟು ಕೋರು ಇಟ್ಕಂಡು ಯಾರಾದ್ರೂ ಬಾಗ್ಲು ಹಾಕ್ತಾರೇನಪ್ಪ?"

ಅಕ್ಕ ಅಡಿಕೆ ಮೂಟೆಯೊಂದಕ್ಕೆ ಒರಗಿ ನಿಂತು, ಮದುವೆಯ ದಿನ ಯಾವುದೆಂದು ಅವರನ್ನೇ ನೇರ ಕೇಳಿದಳು.